ತಿಕ್ಕಬಾರದ ಕಾಲು

ಎಪ್ಪತ್ನಾಲ್ಕರ ರೈಲು ಮುಷ್ಕರದ ದಿನಗಳಲ್ಲಿ ವಡಾಲದಿಂದ ಬಾಂದ್ರಾದ ಬಿಲ್ಡಿಂಗ್ ಕೆಲಸಕ್ಕೆ ನಡೆದೇ ಹೋಗಿ ಬಂದದ್ದಕ್ಕೆ ಅಣ್ಣನ ಕಾಲು ಬಾತಿದೆ ಅಂದುಕೊಂಡೆ. ಅವತ್ತಿನಿಂದ ತಿಕ್ಕಲು ಶುರು ಮಾಡಿದೆ. ಅಣ್ಣ ಗುರಲಿಂಗಪ್ಪ ಊರಿನ ಗರಡಿಯಲ್ಲಿ ಪೈಲ್ವಾನನಾಗಿದ್ದಾಗ ಅವನಿಗೆ ಮಾಲೀಸು ಮಾಡುತ್ತಿದ್ದವನು ನಾನೇ. ನೋವಿರಲಿ, ಬಾವಿರಲಿ, ನಮಗೆ ಗೊತ್ತಿದ್ದ ಮದ್ದು ಅದೊಂದೇ. ದಿನವೂ ಸಂಜೆ ಚಾಳಿನಲ್ಲಿ ಬಿಸಿ ಎಣ್ಣೆ ಹಚ್ಚಿ, ಪಾದದಿಂದ ತೊಡೆಯವರೆಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೇಲಕ್ಕೆ ತಳ್ಳುತ್ತಿದ್ದೆ.

"ನಿನ್ನ ಕೈಯಾಗ ಏನೈತೋ ಖಂಡ್ಯಾ, ಜೀವ ತಣ್ಣಗಾಗತೈತಿ," ಅನ್ನುತ್ತಿದ್ದ. ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ, ದಡ್ಡ ಕೋಣ.

ಎರಡೂ ಕಾಲು ಕಂಬದಂತಾಗಿ, ಹೊಟ್ಟೆಯ ಮೇಲೆ ನರಗಳು ಎದ್ದು ಕಂಡಾಗ ಆಸ್ಪತ್ರೆಗೆ ಸೇರಿಸಿದೆ. ರಕ್ತ ಹೆಪ್ಪುಗಟ್ಟಿದೆ ಅಂದರು. ಹದಿನೈದು ದಿನ ಔಷಧ ಕೊಟ್ಟರೂ ಬಾವು ಇಳಿಯಲಿಲ್ಲ. ಕೊನೆಗೆ ಹೊಟ್ಟೆ ಕೊಯ್ದು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರು ಹೇಳಿದ್ದನ್ನು ಉಡುಪಿ ಕಡೆಯ ನರ್ಸ್ ರಾಜೀವಿ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು.

"ಅದು ಹೆಪ್ಪು ಅಲ್ಲ ಮಾರಾಯ್ರೆ, ಕ್ಯಾನ್ಸರ್. ಲಿಂಫೋಮಾ ಅಂತ. ಬೇರೆಯವರಿಗೆ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಡ್ಡೆ ಬರುವುದು. ಇವರಿಗೆ ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳದ ಒಳಗೇ ಬೆಳೆದಿದೆ. ಡಾಕ್ಟರು ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡ್ಲೇ ಇಲ್ಲವಂತೆ. ಸೋಮವಾರ ಇಂಜೆಕ್ಷನ್ ಶುರು ಮಾಡ್ತಾರೆ, ಕರಗಿದರೂ ಕರಗೀತು. ಆದರೆ ಕಾಲು ತಿಕ್ಕಲೇಬೇಡಿ. ಚೂರು ಕಿತ್ತುಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಜೀವ ಉಳಿಯುವುದಿಲ್ಲ."

ನಾನು ಮೂರು ತಿಂಗಳು ತಿಕ್ಕಿದ್ದೆ.

ಶನಿವಾರ ಅಣ್ಣನಿಗೆ ಕಾಲಿನ ಉರಿ ತಡೆಯಲಾಗಲಿಲ್ಲ. "ತಿಕ್ಕೋ," ಅಂದ.

"ಡಾಕ್ಟರ್ ಬ್ಯಾಡ ಅಂದಾರಣ್ಣಾ."

"ಡಾಕ್ಟರಗೇನ ಗೊತ್ತು ನಿನ್ನ ಕೈ? ಒಂದ್ ಸಲ ತಿಕ್ಕು."

ಆಗುವುದಿಲ್ಲ ಅಂದೆ. ಬೈದ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದನ್ನು ಎತ್ತಿ ಆಡಿದ. ಆಮೇಲೆ ಆ ಆರಡಿ ಪೈಲ್ವಾನ ನನಗೇ ಕೈ ಮುಗಿದ. ವರಾಂಡಕ್ಕೆ ಹೋಗಿ ಗೋಡೆ ಗುದ್ದಿದೆ. ಡಾಕ್ಟರ ಮೇಲೂ ಸಿಟ್ಟು, ದೇವರ ಮೇಲೂ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಈ ನನ್ನ ಕೈಗಳ ಮೇಲೆ.

ರವಿವಾರ ಮಧ್ಯಾಹ್ನ ಜ್ವರ ಏರಿತು. ಅಣ್ಣ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಗುರುತು ಸಿಗಲಿಲ್ಲ, ವಾರ್ಡಿನ ಆಳು ಅಂದುಕೊಂಡಿರಬೇಕು.

"ಯಪ್ಪಾ, ನನ್ನ ತಮ್ಮ ಖಂಡಪ್ಪ ಹೊರಗ ಇರಬೇಕು. ಸ್ವಲ್ಪ ಕರಿ," ಅಂದ. "ಅಂವ ಬಂದ್ರ ತಿಕ್ಕತಾನ."

ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ.

"ಬರ್ತಾನ್ರಿ," ಅಂದೆ. "ನಾಳೆ ಇಂಜೆಕ್ಷನ್ ಆಗ್ಲಿ, ಬರ್ತಾನ."

ಅಣ್ಣ ಬಾಗಿಲ ಕಡೆಗೇ ನೋಡುತ್ತ ಮಲಗಿದ್ದ.