ದಯವಿಟ್ಟು ಬಾಗಿಲು ತೆಗೆಯಿರಿ

ಪುತ್ತೂರು ಪೇಟೆ ಬಾಯಿಗಳ ಪಾಲಾಗಿ ಒಂದು ವಾರ ಕಳೆದಿತ್ತು. ಬೇರೆ ಹೆಸರಿಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಕೆಂಪುಕಲ್ಲು ಕಡಿಯುವ ಕೋರೆಗಳ ಆಳದಿಂದ ಎದ್ದು ಬಂದ ಆ ಪೀಡೆಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಎಮ್ಮೆಯಷ್ಟು ಮೈ, ಮೈತುಂಬ ಬಾಯಿ. ಜನರನ್ನು ತಿನ್ನುವುದೊಂದೇ ಆಗಿದ್ದರೆ ಹೇಗೋ ಅಡಗಿ ಕೂರಬಹುದಿತ್ತು. ಆದರೆ ಕೇಳಿದ ಸ್ವರ, ಹೆಸರು, ಸುದ್ದಿಯನ್ನೆಲ್ಲ ಕದ್ದುಕೊಂಡು, ಅದೇ ಸ್ವರದಲ್ಲಿ ಬಾಗಿಲಿಗೆ ಬಂದು ಕರೆಯುತ್ತಿದ್ದವು. ಎಂಥ ಹಾಳು ಬುದ್ಧಿ ನೋಡಿ!

ಪೇಟೆಯ ದರ್ಬೆ ಭಾಗದ ಒಂದು ಕಟ್ಟಡದಲ್ಲಿ ಶಟರ್ ಎಳೆದುಕೊಂಡು ನಾಲ್ವರು ಉಳಿದಿದ್ದರು: ಟೈಲರಿಂಗ್ ಅಂಗಡಿಯ ಫೌಝಿಯಾ, ಅವಳ ಮಗಳು ಆಫ್ರಾ, ಕಟ್ಟಡದ ಯಜಮಾನ ಕುಶಾಲಪ್ಪ, ಮತ್ತು ಸುಳ್ಯದಿಂದ ರವಿಕೆ ಒಯ್ಯಲು ಬಂದು ಸಿಕ್ಕಿಬಿದ್ದ ಕಮಲಾವತಿ.

"ಒಂದು ರವಿಕೆಗೆ ಬಂದು ಜೀವ ಕೊಡುದಾ ಮಾರಾಯ್ತಿ? ಅದೂ ಕೈ ಬಿಗಿಯಾಗುವ ರವಿಕೆ!" ಎಂದು ಕಮಲಾವತಿ ಫೌಝಿಯಾಳನ್ನು ದಿನಾ ಕೆಣಕುತ್ತಿದ್ದಳು.

ಇವತ್ತು ಮಧ್ಯಾಹ್ನ ಒಳಗೆ ಮೂವರೇ. ಆಫ್ರಾ ಹೊರಗೆ ಹೋಗಿದ್ದಳು. ಯಾರಿಗಾಗಿ? ಕುಶಾಲಪ್ಪನವರ ಇನ್ಸುಲಿನ್‌ಗಾಗಿ! ಮದ್ದು ಮುಗಿದು ಅವರ ನಾಲಗೆ ಒಣಗಿ ಮುಖ ಬೂದಿಯಾಗಿತ್ತು. ಫಾರ್ಮಸಿ ಓದುವ ಆಫ್ರಾ, ಎದುರಿನ ಮೆಡಿಕಲ್‌ನಿಂದ ತರುತ್ತೇನೆಂದು ಎದ್ದಳು. ಫೌಝಿಯಾ ಬೇಡವೆಂದು ಬಾಯಿ ಬಡಿದುಕೊಂಡಳು. ಕುಶಾಲಪ್ಪನವರೋ, ಆ ಮಾತು ಮುಗಿಯುವ ಮೊದಲೇ ಸೊಂಟದ ಕೀ ತೆಗೆದು ಶಟರ್ ಎತ್ತಿ ಹುಡುಗಿಯನ್ನು ಹೊರಗೆ ಬಿಟ್ಟಾಗಿತ್ತು.

ಬಾಯಿಗಳನ್ನು ಗುರುತಿಸಲು ಒಂದೇ ದಾರಿ ಇತ್ತು. ಅದನ್ನು ಕಂಡುಕೊಂಡವಳು ಫೌಝಿಯಾ. ಶುರುವಿನಲ್ಲಿ ಒಮ್ಮೆ ಅವಳ ತಮ್ಮ ಹೈದರನ ಸ್ವರ ಹೊರಗಿನಿಂದ "ದಯವಿಟ್ಟು ಬಾಗಿಲು ತೆಗೆಯಿರಿ" ಎಂದಿತ್ತು. ಶಟರಿಗೆ ಹೋದ ಅವಳ ಕೈ ಅಲ್ಲೇ ನಿಂತಿತು. ಅಕ್ಕನ ಹತ್ತಿರ ಹೈದರ್ ಮನೆಮಾತಾದ ಬ್ಯಾರಿ ಭಾಷೆ ಬಿಟ್ಟು ಬೇರೆ ಆಡಿದವನೇ ಅಲ್ಲ. ಪುತ್ತೂರಿನವರಿಗೆ ಇದೇನು ಹೊಸತೇ? ಮನೆಯಲ್ಲಿ ಒಂದು ಭಾಷೆ, ಮೀನು ಮಾರ್ಕೆಟಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು; ಎದುರಿನ ಮುಖ ನೋಡಿದೊಡನೆ ನಾಲಗೆ ತಾನಾಗಿ ಹೊರಳುತ್ತದೆ. ಆ ಪೀಡೆಗಳಿಗೆ ಸ್ವರ ಸಿಕ್ಕಿತ್ತು. ಯಾರ ಹತ್ತಿರ ಯಾವ ಭಾಷೆ ಎಂಬುದು ಸಿಕ್ಕಿರಲಿಲ್ಲ. ಎಚ್ಚರಿಕೆ ಕೊಡುತ್ತ ಊರೆಲ್ಲ ಸುತ್ತಿದ ಮೈಕಿನಿಂದ ಕಲಿತ ಪುಸ್ತಕದ ಕನ್ನಡವೊಂದೇ ಅವುಗಳ ಬಂಡವಾಳ. ಒಳಗಿನವರು ಬಾಯಿಬಿಟ್ಟರೆ ಮಾತ್ರ ಕೆಟ್ಟಿತು. ಮಾತಾಡಿಸಿದ ಭಾಷೆಯಲ್ಲೇ ತಿರುಗಿ ಉತ್ತರ ಕೊಡುತ್ತಿದ್ದವು. ಹಾಗಾಗಿ ಮೊದಲ ಕರೆಯೊಂದೇ ಪರೀಕ್ಷೆ.

ಶಟರಿಗೆ ಯಾರೋ ಬಡಿದರು. ಮೂವರೂ ಮೊದಲ ಕರೆಗೆ ಕಿವಿಗೊಟ್ಟರು.

"ಕುಶಾಲಪ್ಪ ಸರ್, ಮದ್ದು ತಂದಿದ್ದೇನೆ. ದಯವಿಟ್ಟು ಬಾಗಿಲು ತೆಗೆಯಿರಿ!"

ಸ್ವರ ಆಫ್ರಾಳದೇ. ಫೌಝಿಯಾ ಎದ್ದು ಓಡಿದಳು. ಕುಶಾಲಪ್ಪ ಅಡ್ಡ ನಿಂತರು.

"ಅದು ನಿಮ್ಮ ಮಗಳಲ್ಲ. ಕನ್ನಡದಲ್ಲಿ ಕರೆಯುತ್ತಿದೆ. ನಿಯಮ ಮಾಡಿದವರು ನೀವೇ ಅಲ್ಲವೇ?"

"ನನ್ನನ್ನು ಕರೆದದ್ದಲ್ಲ, ನಿಮ್ಮನ್ನು ಕರೆದದ್ದು! ನಿಮ್ಮತ್ರ ಅವಳು ಮತ್ತೆ ಎಂತದರಲ್ಲಿ ಮಾತಾಡುದು?"

"ತಾಯಿ ಒಳಗಿರುವಾಗ ತಾಯಿಯನ್ನು ಕರೆಯಬೇಕಲ್ಲ?"

"ಕೀ ಯಾರ ಸೊಂಟದಲ್ಲುಂಟು? ಕೀ ಇದ್ದವರನ್ನು ಕರೀತಾಳೆ!"

ಫೌಝಿಯಾಳ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಹೊರಗೆ ಬಂತು. "ಅವಳು ಒಂದನೇ ಕ್ಲಾಸಿನಲ್ಲಿದ್ದಾಗ, ಮಳೆಯಲ್ಲಿ ನಿಂತು 'ಗೇಟು ತೆಗೀರಿ' ಅಂದದ್ದಕ್ಕೆ ನೀವು ಎಂತ ಹೇಳಿದ್ರಿ? 'ತೆಗೀರಿ ಅಲ್ಲ, ತೆಗೆಯಿರಿ, ದಯವಿಟ್ಟು ಸೇರಿಸು.' ಸರಿ ಹೇಳುವವರೆಗೆ ಗೇಟು ತೆಗೀಲಿಲ್ಲ. ಮಗು ನೆನೆದು ಚಂಡಿಯಾಗಿ ನಡುಗುತ್ತಾ ಇತ್ತು! ಈ ಕಟ್ಟಡದಲ್ಲಿ ತುಳು ಆಡಿದ್ರೆ ಮುಖ ತಿರುಗಿಸಿದವರು ನೀವು. ಬ್ಯಾರಿ ಆಡಿದ್ರೆ ಗಲಾಟೆ ಅಂದವರು ನೀವು. ನೀವು ಕಲಿಸಿದ ಹಾಗೇ ಕರೆದಳು ನೋಡಿ. ಈಗ ಅದೇ ತಪ್ಪಾ?"

ಹೊರಗೆ ಮತ್ತೆ ಬಡಿತ. ರಸ್ತೆಯಲ್ಲಿ ಏನೋ ಭಾರವಾದದ್ದು ಉಜ್ಜುತ್ತ ಬರುವ ಸದ್ದು ಕೇಳಿಸಿತು.

"ಸರ್! ಬೇಗ! ದಯವಿಟ್ಟು!"

ಕುಶಾಲಪ್ಪ ಎರಡೂ ಕೈಯಲ್ಲಿ ಸೊಂಟದ ಕೀ ಹಿಡಿದುಕೊಂಡು ಗೋಡೆಗೆ ಒರಗಿದರು. ಕಮಲಾವತಿಗೆ ತಡೆಯಲಾಗಲಿಲ್ಲ. ಕುಶಾಲಪ್ಪನವರೂ ಅವಳ ಹಾಗೆ ಸುಳ್ಯದ ಕಡೆಯವರೇ, ಅವರ ಮನೆಮಾತೂ ಅರೆಭಾಷೆಯೇ. ಅದೇ ಅರೆಭಾಷೆಯಲ್ಲಿ ಅವಳು ಅವರ ಜನ್ಮ ಜಾಲಾಡಿದಳು.

"ಮರ್ಯಾದೆಯಿಂದ ಮಾತನಾಡಿ" ಎಂದರು ಕುಶಾಲಪ್ಪ, ಕನ್ನಡದಲ್ಲಿ.

"ಥೂ ನಿಮ್ಮ ಮರ್ಯಾದೆಗೆ!" ಎಂದವಳೇ ಕಮಲಾವತಿ ಅವರ ಕೈಗಳೆರಡನ್ನೂ ಹಿಂದಕ್ಕೆ ತಿರುಚಿ ಹಿಡಿದಳು. ಫೌಝಿಯಾ ಅವರ ಸೊಂಟದಿಂದ ಕೀ ಕಿತ್ತುಕೊಂಡಳು.

ಫೌಝಿಯಾ ಬೀಗಕ್ಕೆ ಕೀ ಹಾಕಿದಳು. ನಿಜವಾಗಿ ಬಾಯಿಯೇ ಆಗಿದ್ದರೆ? ಮೂವರೂ ಹೋದಂತೆಯೇ. ಬ್ಯಾರಿಯಲ್ಲಿ ಕರೆದು ನೋಡೋಣವೆಂದರೆ, ಮಗಳೂ ಬ್ಯಾರಿಯಲ್ಲಿ ಓಗೊಡುತ್ತಾಳೆ, ಪೀಡೆಯೂ ಬ್ಯಾರಿಯಲ್ಲಿ ಓಗೊಡುತ್ತದೆ. ಏನು ಪ್ರಯೋಜನ? ಮಳೆಯಲ್ಲಿ ನಿಂತ ಆ ಮಗುವಿನ ಕನ್ನಡ ತನಗೆ ಗೊತ್ತಿಲ್ಲವೇ ಎಂದುಕೊಂಡು ಅವಳು ಶಟರನ್ನು ಮೊಣಕಾಲೆತ್ತರ ಎತ್ತಿದಳು.

ಮೊದಲು ಒಳಗೆ ಬಂದದ್ದು ಮದ್ದಿನ ಪೊಟ್ಟಣ. ಹಿಂದೆಯೇ ಆಫ್ರಾ ತೆವಳಿಕೊಂಡು ಬಂದಳು. ಅವಳ ಶಾಲು ಹೊರಗೆ ಯಾವುದೋ ಹಲ್ಲಿಗೆ ಸಿಕ್ಕಿ ಪರ್ರನೆ ಹರಿಯಿತು. ಫೌಝಿಯಾ ಅವಳನ್ನು ಕಂಕುಳಿಗೆ ಕೈ ಹಾಕಿ ಎಳೆದಳು, ಕಮಲಾವತಿ ಶಟರಿನ ಮೇಲೆ ತನ್ನ ಇಡೀ ಭಾರ ಹಾಕಿ ಅದನ್ನು ಕೆಳಕ್ಕೆಳೆದಳು. ಹೊರಗಿನಿಂದ ಕಬ್ಬಿಣಕ್ಕೆ ಢಿಕ್ಕಿ ಹೊಡೆದ ಬಾಯಿ ಸ್ವಲ್ಪ ಹೊತ್ತು ಅದನ್ನು ನೆಕ್ಕಿ, ಹೊರಟುಹೋಯಿತು.

"ಉಮ್ಮಾ" ಎಂದು ತಾಯಿಯನ್ನು ಕರೆದಳು ಆಫ್ರಾ. ಅವಳ ಹಿಮ್ಮಡಿಯಿಂದ ರಕ್ತ ಸುರಿಯುತ್ತಿತ್ತು. ಬಾಗಿಲು ತೆರೆಯಲು ತಡವಾದದ್ದಕ್ಕೆ ಅಷ್ಟು ಮಾಂಸ ಹೋಗಿತ್ತು.

ಫೌಝಿಯಾ ಬಟ್ಟೆ ಹರಿದು ಬಿಗಿಯಾಗಿ ಕಟ್ಟುತ್ತಿದ್ದಳು. ಕುಶಾಲಪ್ಪ ಅಂಗಿ ಸರಿಮಾಡಿಕೊಂಡು ಮುಂದೆ ಬಂದರು.

"ಬ್ಯಾರಿಯಲ್ಲಿ ಕರೆಯಬೇಕಿತ್ತು ಮಗಳೇ. ನಮಗೆ ಗೊತ್ತಾಗುವುದಾದರೂ ಹೇಗೆ?" ಎಂದು ನೆಲದ ಮೇಲಿದ್ದ ಪೊಟ್ಟಣಕ್ಕೆ ಕೈ ಚಾಚಿದರು.

ಫೌಝಿಯಾ ಅದನ್ನು ಎತ್ತಿಕೊಂಡು ಎದ್ದು ನಿಂತಳು. ಅಬ್ಬ, ಆ ಮನುಷ್ಯನ ಧೈರ್ಯವೇ! ಅವಳಿಗೆ ಅವರ ಮುಖಕ್ಕೆ ಬಾರಿಸಬೇಕೆನಿಸಿತು.

"ದಯವಿಟ್ಟು ಕೊಡಿರಿ" ಎಂದರು ಕುಶಾಲಪ್ಪ. ಸ್ವರ ಸಣ್ಣದಾಗಿತ್ತು.

"ಹೊರಗಿನವೂ ಹೀಗೇ ಹೇಳುದು, ಸರ್" ಎಂದಳು ಫೌಝಿಯಾ. "ನೀವು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ಅಮ್ಮನತ್ರ ಆಡಿದ್ದನ್ನಾದ್ರೂ ಆಡಿ ನೋಡುವಾ."

ಕುಶಾಲಪ್ಪ ಬಾಯಿ ತೆರೆದರು. ಕಮಲಾವತಿಯ ಕಡೆ ನೋಡಿದರು. ಅರೆಭಾಷೆಯ ಒಂದು ಮಾತೂ ನಾಲಗೆಗೆ ಬರಲಿಲ್ಲ. ತೆರೆದ ಬಾಯಿ ಹಾಗೇ ಉಳಿಯಿತು. ಅದನ್ನು ನೋಡಲಾಗದೆ ಆಫ್ರಾ ಮುಖ ತಿರುಗಿಸಿ, ಕೊಟ್ಟುಬಿಡು ಎಂದು ತಾಯಿಗೆ ಬ್ಯಾರಿಯಲ್ಲಿ ಹೇಳಿದಳು.

ಫೌಝಿಯಾ ಪೊಟ್ಟಣವನ್ನು ಅವರ ಕಾಲ ಬುಡಕ್ಕೆ ಎಸೆದಳು. ಕೀಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.