ಹನ್ನೆರಡು ಪುಸ್ತಕಗಳ ಅಂಚು

ದುಂಡಸಿಯಲ್ಲಿ ಯಾರ ಮನೆಯಲ್ಲಿ ಕೌದಿ ಹೊಲಿಸಬೇಕಾದರೂ ಮೊದಲು ನೆನಪಾಗುವವಳು ಉಡಚವ್ವ. ಹಳೆಯ ಸೀರೆ, ಹರಿದ ಧೋತರ, ಬಣ್ಣ ಹೋದ ಪರಕಾರ, ಎಲ್ಲವನ್ನೂ ಪದರದ ಮೇಲೆ ಪದರ ಹಾಸಿ ಆಕೆ ಸೂಜಿ ಹಿಡಿದು ಕೂತಳೆಂದರೆ ಆ ಮನೆಯಲ್ಲಿ ಎಂಟು ಹತ್ತು ದಿನ ಮಾತಿಗೂ ನಗೆಗೂ ಕೊರತೆಯಿಲ್ಲ. ಕೌದಿ ಮುಗಿಯಿತೆಂದರೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮುಂದಿನ ಮನೆ. ಹೀಗೆ ಊರ ಬಾಗಿಲುಗಳನ್ನೆಲ್ಲ ದಾಟಿ ನಲವತ್ತೆಂಟು ವರ್ಷದವಳಾಗಿದ್ದಳು. ಅವಳ ಬಾಗಿಲಿಗೆ ಮಾತ್ರ, ಕೆಲಸಕ್ಕೆ ಕರೆಯುವವರನ್ನು ಬಿಟ್ಟರೆ, ಏನನ್ನಾದರೂ ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಅದರ ಬಗ್ಗೆ ಆಕೆ ಯಾವತ್ತೂ ಕೊರಗಿದವಳಲ್ಲ. ಅಂಥದೊಂದು ಕೊರಗು ಇರಬಹುದೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಅರವತ್ತೊಂದನೇ ಇಸವಿಯ ಯುಗಾದಿಯ ಮರುದಿನ. ಎರಡು ಚಳಿಗಾಲ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದ ಹನ್ನೊಂದು ಮಂದಿಯನ್ನು ಗ್ರಾಮಸೇವಿಕೆ ವೀರವ್ವ ಬಸವಣ್ಣನ ಗುಡಿಯ ಪೌಳಿಗೆ ಕರೆಸಿದ್ದಳು. ಇಪ್ಪತ್ತೈದರ ಹುಡುಗಿ, ಶಿಗ್ಗಾವಿಯಿಂದ ಬರುತ್ತಿದ್ದವಳು. ಅಂದು ಅವಳ ಸಂಗಡ ಒಂದು ಮರದ ಪೆಟ್ಟಿಗೆ ಬಂದಿತ್ತು. ಒಳಗೆ ಹೊಸದಾಗಿ ಓದು ಕಲಿತವರಿಗೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಹನ್ನೆರಡು ಪುಸ್ತಕ. ಒಂದೊಂದಕ್ಕೆ ನಲವತ್ತು ಪುಟ.

"ನಾಗರ ಪಂಚಮಿ ತನಕಾ ಪೆಟಗಿ ಇಲ್ಲೇ ಗುಡ್ಯಾಗ ಇರತೈತಿ. ಇಲ್ಲೇ ಕುಂತು ಓದಬೇಕು, ಮನೀಗೆ ಒಯ್ಯಂಗಿಲ್ಲ," ಎಂದಳು ವೀರವ್ವ. "ಪಂಚಮಿಗೆ ಎಂಟ ದಿನ ಮೊದಲ ನಾ ಬಂದು ಕೇಳ್ತೇನಿ. ಯಾರು ಹೆಚ್ಚಿಗೆ ಪುಸ್ತಕ ಓದಿ ಮುಗಿಸಿರ್ತಾರೋ ಅವರ ಮನ್ಯಾಗ ಪೆಟಗಿ. ಊರ ಮಂದಿಗೆ ಪುಸ್ತಕ ಕೊಡೂದು, ತಗೊಳ್ಳೂದು ಅವರದ ಕೆಲಸ. ಈಗ ಎಲ್ಲಾರೂ ಕಣ್ಣ ಮುಚ್ಚರಿ."

"ಮುಚ್ಚಿದ್ರ ನಿದ್ದಿ ಬರತೈತ್ರಿ ಅಕ್ಕಾರ," ಎಂದ ಕಿರಾಣಿ ಅಂಗಡಿಯ ಪರಮೇಶಪ್ಪ. ಅರವತ್ತು ದಾಟಿದ ಮನುಷ್ಯ. ಸಾಮಾನು ಕಟ್ಟುವ ಕಾಗದದ ಮೇಲೆ ಏನು ಬರೆದಿದೆ ಎಂದು ತಿಳಿಯುವ ಆಸೆಯಿಂದ ರಾತ್ರಿ ಶಾಲೆ ಸೇರಿದವನು.

"ಮಲಗಿದ್ರ ಎಬ್ಬಸ್ತೇನ್ರಿ. ಮುಂದಿನ ಯುಗಾದಿಗೆ ನೀವು ಎಲ್ಲೆ ಅದೀರಿ, ಏನ ಮಾಡಾಕತ್ತೀರಿ, ಕಣ್ಣಾಗ ನೋಡ್ರಿ. ಕಂಡದ್ದನ್ನ ಪಾಟಿ ಮ್ಯಾಲೆ ಬರೀರಿ."

ಮೊದಲು ಕಣ್ಣು ತೆರೆದವಳು ಬಳೆಗಾರರ ಬಿಬಿಜಾನ. "ನನಗ ಸವಣೂರ ಬಸ್ ಕಾಣತ್ರಿ. ಬೋರ್ಡ ಓದಿ ನಾನ ಹತ್ತಾಕತ್ತೇನಿ. ಯಾರನ್ನೂ ಕೇಳೂದ ಇಲ್ಲ."

"ಹತ್ತಿದ ಮ್ಯಾಲೆ ಕುಂದ್ರಾಕ ಜಾಗಾ ಸಿಕ್ತೇನಬೇ?" ಎಂದ ಪರಮೇಶಪ್ಪ. ಎಲ್ಲರೂ ನಕ್ಕರು.

ಉಡಚವ್ವ ನಗಲಿಲ್ಲ. ಕಣ್ಣು ಮುಚ್ಚಿದಾಗ ಅವಳಿಗೆ ತನ್ನ ಮನೆಯ ಪಡಸಾಲೆ ಕಂಡಿತ್ತು. ಗೋಡೆಗೆ ಆನಿಸಿ ಪೆಟ್ಟಿಗೆ. ಹೊಸ್ತಿಲಾಚೆ ಒಬ್ಬ ಹೆಣ್ಣುಮಗಳು ನಿಂತು, "ಉಡಚಕ್ಕಾ, ಇದು ಓದಿ ಆತು, ಇನ್ನೊಂದ ಕೊಡ," ಎನ್ನುತ್ತಿದ್ದಾಳೆ. ಅವಳ ಮುಖ ಕಾಣಲಿಲ್ಲ, ಧ್ವನಿ ಮಾತ್ರ ಸ್ಪಷ್ಟವಾಗಿತ್ತು. ಇಷ್ಟನ್ನೆಲ್ಲ ಬರೆಯಲು ನಾಚಿಕೆಯಾಗಿ ಉಡಚವ್ವ ಪಾಟಿಯ ಮೇಲೆ "ನಮ್ಮ ಮನಿ, ಪೆಟಗಿ" ಎಂದಷ್ಟೇ ಬರೆದು, ವೀರವ್ವ ನೋಡಿದ ಕೂಡಲೇ ಸೆರಗಿನಿಂದ ಒರೆಸಿಬಿಟ್ಟಳು.

ಗಂಡ ಉಳಿವೆಪ್ಪನಿಗೆ ಮಾತ್ರ ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಹೇಳಿದಳು.

"ಪೆಟಗಿ ಇಡಾಕ ಜಾಗಾ ಎಲ್ಲೈತಿ?" ಎಂದ ಆತ ರೊಟ್ಟಿ ಮುರಿಯುತ್ತ. "ಕುಂಟಿ, ಕೂರಗಿ ಅದಾವು, ಜ್ವಾಳದ ಚೀಲ ಐತಿ, ನಾ ಅದೇನಿ. ಇದರಾಗ ಯಾರನ್ನ ಹೊರಗ ಹಾಕ್ತಿ?"

"ಚೀಲ ಅಂತೂ ಹೊರಗ ಹಾಕಂಗಿಲ್ಲ."

"ಅಂದ್ರ ನಾನ ಹೋಗಬೇಕಾತು."

"ನಗಬ್ಯಾಡ್ರಿ. ದಿನಾ ನಾಕ ಪುಟ ಓದಿದ್ರ ಪಂಚಮಿ ಮೊದಲ ಎಲ್ಲಾ ಮುಗೀತಾವು. ಅಕ್ಕಾರ ಲೆಕ್ಕಾ ಹಾಕಿ ತೋರಿಸ್ಯಾರ."

ಉಳಿವೆಪ್ಪ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಆದರೆ ಮೂರು ದಿನ ಬಿಟ್ಟು ಆಕೆ ಕೆಲಸದಿಂದ ಬಂದಾಗ ಕುಂಟೆ ಕೂರಿಗೆ ದನದ ಕೊಟ್ಟಿಗೆಗೆ ಹೋಗಿದ್ದವು. ಪಡಸಾಲೆಯ ಬಲಗಡೆ ಎರಡು ಮೊಳ ಜಾಗಕ್ಕೆ ಸಾರಣೆ ಮಾಡಿ, ಅದರ ಮೇಲೆ ಕೋಳಿ ತಿರುಗಾಡದಂತೆ ಅಡ್ಡ ಒಂದು ಹಲಗೆ ಇಟ್ಟಿತ್ತು. "ದನಕ್ಕ ತಾಗತಿದ್ವು ಅಂತ ಸರಿಸಿದೆ," ಎಂದ ಉಳಿವೆಪ್ಪ. ಪಡಸಾಲೆಗೆ ದನ ಯಾವಾಗ ಬಂದಿದ್ದವೆಂದು ಆಕೆ ಕೇಳಲಿಲ್ಲ.

ಮಧ್ಯಾಹ್ನ ಉಂಡು ಬೇರೆಯವರು ಅಡ್ಡಾಗುವ ಹೊತ್ತಿಗೆ ಉಡಚವ್ವ ಗುಡಿಯ ಪೌಳಿಯಲ್ಲಿರುತ್ತಿದ್ದಳು. ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದುವಳು. ಹೇಗೆ ಓದಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೆಲಸವೆಂದರೆ ಅವಳಿಗೆ ತಿಳಿದಿದ್ದುದು ಒಂದೇ ಕೆಲಸ. ಕೌದಿಯಲ್ಲಿ ಮೊದಲು ನಾಲ್ಕು ಕಡೆಯ ಅಂಚನ್ನು ಹೊಲಿದು ಗಟ್ಟಿ ಮಾಡಬೇಕು. ಆಮೇಲೆ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಒಂದೇ ಮೂಲೆಯನ್ನು ಹಿಡಿದು ಕೂತರೆ ಉಳಿದ ಮೂರು ಮೂಲೆ ಸೊಟ್ಟಗಾಗಿ ಬಟ್ಟೆ ಗಂಟುಕಟ್ಟುತ್ತದೆ. ಹನ್ನೆರಡು ಪುಸ್ತಕವೂ ತನಗೆ ಒಂದೇ ಕೆಲಸವಾಗಿ ಒಪ್ಪಿಸಿದ್ದಲ್ಲವೇ? ಆಕೆ ಒಂದು ಪುಸ್ತಕದ ಮೊದಲ ಪುಟ ಓದಿದಳು, ಅದರದೇ ಕೊನೆಯ ಪುಟ ಓದಿದಳು, ಎರಡೂ ಕಡೆ ಒಂದೊಂದು ಎಳೆ ನೂಲು ಇಟ್ಟಳು. ಆಮೇಲೆ ಇನ್ನೊಂದು ಪುಸ್ತಕ. ದಿನಕ್ಕೆ ನಾಲ್ಕು ಪುಟ, ಆರು ದಿನಕ್ಕೆ ಹನ್ನೆರಡು ಪುಸ್ತಕದ ಒಂದು ಸುತ್ತು. ಮರುಸುತ್ತಿಗೆ ಎರಡನೆಯ ಪುಟ, ಮೂವತ್ತೊಂಬತ್ತನೆಯ ಪುಟ.

ಹಿಂದಿನಿಂದ ಬರುವ ಪುಟಗಳಲ್ಲಿ ತಮಾಷೆಗಳಾಗುತ್ತಿದ್ದವು. ಸತ್ತ ಮುದುಕ ಮುಂದಿನ ಸುತ್ತಿಗೆ ಎದ್ದು ಕೂತು ಅಂಬಲಿ ಕೇಳುತ್ತಿದ್ದ. ರಾಜಿಯಾದವರು ಆರು ದಿನ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದರು. ಕೋಳಿ ಸಾಕುವ ಪುಸ್ತಕದಲ್ಲಂತೂ ಮೊಟ್ಟೆ ಮಾರಿದ ಮೇಲೆ ಕೋಳಿ ಕೊಂಡರು. ಪುಸ್ತಕವೆಂದರೆ ಹೀಗೇ ಇರಬೇಕು, ಎರಡು ಕಡೆಯ ನೂಲು ನಡುವೆ ಬಂದು ಕೂಡಿದಾಗ ಎಲ್ಲ ಸರಿಹೋಗುತ್ತದೆ ಎಂದು ಉಡಚವ್ವ ನಂಬಿದ್ದಳು. ಅವಸರ ಅವಳ ಸ್ವಭಾವದಲ್ಲೇ ಇರಲಿಲ್ಲ.

ಆದರೆ ಮಿರಗದ ಮಳೆಗೆ ಅವಸರವಿತ್ತು. ಬಿತ್ತನೆ ಬಂತು, ಬೆನ್ನಿಗೇ ಕಳೆ ಬಂತು. ಹೊಲಕ್ಕೆ ಹೋದ ದಿನ ಪುಟವಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಪ್ರತಿ ಪುಸ್ತಕದಲ್ಲೂ ಮುಂದಿನಿಂದ ಹತ್ತು, ಹಿಂದಿನಿಂದ ಹತ್ತು ಪುಟ ಆಗಿದ್ದವು. ನೂಲುಗಳ ನಡುವೆ ಇನ್ನೂ ಇಪ್ಪತ್ತು ಪುಟ ಉಳಿದಿರುವಾಗಲೇ ವೀರವ್ವ ಪಟ್ಟಿ ಹಿಡಿದುಕೊಂಡು ಬಂದಳು.

ಬಿಬಿಜಾನ ಎರಡು ಪುಸ್ತಕ ಮುಗಿಸಿದ್ದಳು. ಪರಮೇಶಪ್ಪ ಐದು. ಕೇಳಿದ್ದಕ್ಕೆಲ್ಲ ಆತ ತಡವರಿಸದೆ ಉತ್ತರ ಹೇಳಿ, ತಲೆಯ ರುಮಾಲು ಸರಿಮಾಡಿಕೊಂಡು ಕೂತ. ಕೊನೆಗೆ ಉಡಚವ್ವನ ಸರದಿ. ವೀರವ್ವ ಬಾವಿ ತೋಡುವ ಕಥೆಯ ಪುಸ್ತಕ ಎತ್ತಿಕೊಂಡಳು.

"ಇದರಾಗ ಏನೈತಿ ಹೇಳ್ರಿ ಉಡಚವ್ವಾರ."

"ಅಣ್ಣಾ ತಮ್ಮಾ ಇಬ್ರ ಅದಾರ್ರಿ. ಹೊಲದಾಗ ಬಾವಿ ತೋಡಾಕ ಸುರು ಮಾಡ್ತಾರ. ಕಡೀಕ ಕಲ್ಲು ಹತ್ತತೈತಿ. ಇಬ್ರೂ ಕೂಡಿ ಒಡೀತಾರ. ನೀರು ಬರತೈತಿ. ಇಬ್ರೂ ಬೊಗಸಿ ಒಡ್ಡಿ ಕುಡೀತಾರ್ರಿ."

ವೀರವ್ವ ಪುಸ್ತಕದ ನಡುವೆ ಬೆರಳು ಹಾಕಿ ತೆರೆದಳು. "ಈ ಪುಟದಾಗ ತಮ್ಮ ಎಲ್ಲೆ ಅದಾನ?"

"ಬಾವ್ಯಾಗ ಇರಬೇಕ್ರಿ."

"ಇಲ್ಲ."

ಉಡಚವ್ವ ಪರೀಕ್ಷೆಯನ್ನೇ ಮರೆತಳು. "ಮತ್ತ ಅಂವ ಎಲ್ಲೆ ಹ್ವಾದ್ರಿ?"

ಪೌಳಿಯ ತುಂಬ ನಗೆ ಎದ್ದಿತು. ವೀರವ್ವ ನಗದೆ ಒಂದೊಂದೇ ಪುಸ್ತಕ ತೆರೆದು ನೋಡಿದಳು. ಎಲ್ಲದರಲ್ಲೂ ಎರಡೆರಡು ನೂಲು. ಉಡಚವ್ವ ಮುಚ್ಚಿಡದೆ ತಾನು ಓದಿದ ರೀತಿ ಹೇಳಿದಳು. ಅಂಚು, ಸುತ್ತು, ನಡುವು.

"ಯವ್ವಾ, ಪುಸ್ತಕ ಹಾಸಿ ಹೊಚಗೊಂಡು ಮಲಗೂ ವಿಚಾರಿತ್ತೇನ ಇದರದು?" ಎಂದ ಪರಮೇಶಪ್ಪ. ಮತ್ತೆ ನಗೆ. ನಗುತ್ತಿದ್ದವರಲ್ಲಿ ಅರ್ಧ ಜನ ಅವಳು ಹೊಲಿದ ಕೌದಿಯ ಮೇಲೆ ಮಲಗುವವರೇ. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಪ್ಪು ಎಲ್ಲಿ ಆಯಿತೆಂಬುದು ಈಗ ಅವಳಿಗೇ ಕಾಣುತ್ತಿತ್ತು. ಕೌದಿಯನ್ನು ಹೊಲಿಯುವವಳು ಇಡೀ ಬಟ್ಟೆಯನ್ನು ಕಣ್ಣೆದುರು ಹಾಸಿಕೊಂಡಿರುತ್ತಾಳೆ. ಪುಸ್ತಕವನ್ನು ಹಾಗೆ ಹಾಸಿಕೊಳ್ಳಲು ಬರುವುದಿಲ್ಲ.

ವೀರವ್ವ ಪಟ್ಟಿಯ ಮೇಲೆ ಪೆನ್ಸಿಲ್ ಇಟ್ಟು ಲೆಕ್ಕ ಹಾಕಿದಳು. ಆಮೇಲೆ ಉಡಚವ್ವನಿಗಷ್ಟೇ ಕೇಳುವಂತೆ ಬಗ್ಗಿ ಹೇಳಿದಳು: "ಹನ್ನೆರಡೂ ಅರ್ಧರ್ಧ ಆಗ್ಯಾವು. ಕೂಡಿಸಿದ್ರ ಆರು ಪುಸ್ತಕದಷ್ಟ ಓದೀರಿ. ಪರಮೇಶಪ್ಪನವರದು ಐದು. ನಾ ಆರು ಅಂತ ಬರಕೊಳ್ಳೇನ್ರಿ?"

ಸಾರಣೆ ಮಾಡಿದ ಆ ಎರಡು ಮೊಳ ಜಾಗ ಉಡಚವ್ವನ ಕಣ್ಣಿಗೆ ಬಂತು. ಹೊಸ್ತಿಲಾಚೆ ನಿಂತವಳ ಧ್ವನಿ ಕಿವಿಗೆ ಬಂತು. ಹೂಂ ಎಂದರೆ ಸಾಕಿತ್ತು. ಲೆಕ್ಕದಲ್ಲಿ ಸುಳ್ಳೂ ಇರಲಿಲ್ಲ. ಅಷ್ಟು ಪುಟ ಓದಿದ್ದು ನಿಜವೇ. ಆದರೆ ಪೆಟ್ಟಿಗೆ ಮನೆಗೆ ಬಂದು, ಯಾರಾದರೂ ಬಂದು ಬಾವಿಯ ಪುಸ್ತಕ ಹೇಗಿದೆಯೆಂದು ಕೇಳಿದರೆ ಏನು ಹೇಳುವುದು? ಅಣ್ಣ ತಮ್ಮ ಕೂಡಿ ತೋಡಿದರೆಂದೇ?

"ಬ್ಯಾಡ್ರಿ ಅಕ್ಕಾರ," ಎಂದಳು. "ಅರ್ಧ ಹೊಲಿದ ಎರಡ ಕೌದಿ ತಗೊಂಡು ಯಾರರೆ ಒಂದು ಕೌದಿ ಅಂತಾರೇನ್ರಿ? ಚಳಿಗೆ ಎರಡೂ ಬರಂಗಿಲ್ಲ. ನಂದು ಒಂದೂ ಆಗಿಲ್ಲ ಅಂತ ಬರಕೋರಿ."

ವೀರವ್ವ ಸೊನ್ನೆ ಬರೆದಳು. ಪೆನ್ಸಿಲ್ಲಿನ ಸಪ್ಪಳ ಉಡಚವ್ವನಿಗೆ ಕೇಳಿಸಿತು.

ಅಂದು ಸಂಜೆ ಉಳಿವೆಪ್ಪ ಎಲ್ಲವನ್ನೂ ಕೇಳಿ, ಎದ್ದು ಹೋಗಿ, ಹಲಗೆ ಸರಿಸಿ, ಆ ಖಾಲಿ ಜಾಗದಲ್ಲಿ ಉದ್ದಕ್ಕೆ ಮಲಗಿಕೊಂಡ. ಕಾಲು ಹೊರಗೇ ಉಳಿದವು.

"ಛಲೋ ಐತಿ. ತಂಪೈತಿ," ಎಂದ. "ಪೆಟಗಿ ಬಂದಿದ್ರ ನನಗ ಸಿಗತಿದ್ದಿಲ್ಲ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಉಳಿವೆಪ್ಪ ಸೂರಿನ ಕಡೆ ನೋಡುತ್ತ ಹಾಗೇ ಮಲಗಿದ್ದ; ಆಕೆ ಅತ್ತು ಮುಗಿಸುವವರೆಗೂ ಏಳಲಿಲ್ಲ.

ಮುಂದೆ ಏಳು ದಿನ ಉಡಚವ್ವ ಪುಸ್ತಕದ ಮಾತು ಎತ್ತಲಿಲ್ಲ. ಮಧ್ಯಾಹ್ನ ಎಲ್ಲರಂತೆ ಅಡ್ಡಾದಳು, ನಿದ್ದೆ ಮಾತ್ರ ಬರಲಿಲ್ಲ. ಹೋದ ಪೆಟ್ಟಿಗೆಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದವನು ಆ ತಮ್ಮ. ಬಾವಿ ಬಿಟ್ಟು ಎಲ್ಲಿಗೆ ಹೋದ? ಹೋದವನು ನೀರು ಬೀಳುವ ಹೊತ್ತಿಗೆ ಹೇಗೆ ಬಂದ? ಅಣ್ಣ ಅವನನ್ನು ಬಾ ಎಂದನೋ, ಮುಖ ತಿರುಗಿಸಿದನೋ?

ಪಂಚಮಿಯ ಮುಂಚಿನ ದಿನ ರೊಟ್ಟಿ ಹಬ್ಬ. ಸಜ್ಜೆ ರೊಟ್ಟಿ, ಪಲ್ಯ, ಚಟ್ನಿಯ ತಟ್ಟೆ ಹಿಡಿದು ಹೆಂಗಸರು ಮನೆಯಿಂದ ಮನೆಗೆ ತಿರುಗುವ ದಿನ. ಯಾವ ಮನೆಯನ್ನೂ ಬಿಡುವಂತಿಲ್ಲ. ಪರಮೇಶಪ್ಪನ ಮನೆಗೆ ಅಂಗಡಿಯೊಳಗಿಂದಲೇ ದಾರಿ. ಉಡಚವ್ವ ಒಳಗೆ ತಟ್ಟೆ ಕೊಟ್ಟು ತಿರುಗಿದಾಗ ಪೆಟ್ಟಿಗೆ ಕಂಡಿತು. ಬೆಲ್ಲದ ಪೆಂಟಿಗಳ ಪಕ್ಕದಲ್ಲಿ, ಇರುವೆ ಬರದಂತೆ ನಾಲ್ಕು ಕಲ್ಲಿನ ಮೇಲೆ ಕೂತಿತ್ತು. ಮುಂದೆ ಪರಮೇಶಪ್ಪ ಕನ್ನಡಕ ಮೂಗಿಗೆ ಇಳಿಸಿಕೊಂಡು ಆರನೆಯ ಪುಸ್ತಕ ಓದುತ್ತಿದ್ದ. ಗಿರಾಕಿ ಬಂದದ್ದೂ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಅವಳು ನಿಂತಳು. ಹೋಗಬೇಕೆಂದುಕೊಂಡಳು, ಹೋಗಲಿಲ್ಲ.

"ಸಾವಕಾರ್ರ, ಬಾವಿ ಪುಸ್ತಕ ಕೊಡ್ರಿ."

ಪರಮೇಶಪ್ಪ ಕನ್ನಡಕದ ಮೇಲಿಂದ ನೋಡಿದ. ಅವಳು ಇನ್ನೊಂದು ನಗೆಯ ಮಾತಿಗೆ ಸಿದ್ಧಳಾದಳು. ಆದರೆ ಆತ ತಗ್ಗಿದ ದನಿಯಲ್ಲಿ ಕೇಳಿದ: "ಉಡಚವ್ವ, ನೀ ಹನ್ನೆರಡರದೂ ಕಡೀ ಪುಟ ಓದಿಯಲ್ಲ?"

"ಹೂನ್ರಿ."

"ಈ ಪುಸ್ತಕದಾಗಿನ ಹುಡುಗಿ, ಸಾಲಿ ಬಿಡಿಸಿದಾರಲ್ಲ, ಆಕಿ ಕಡೀಕ..." ಎಂದವನು ತಾನೇ ಎರಡೂ ಕೈ ಎತ್ತಿಬಿಟ್ಟ. "ಬ್ಯಾಡ ಬ್ಯಾಡ! ಹೇಳಬ್ಯಾಡ. ಬಾಯಿ ಮುಚಗೊಂಡು ಕುಂದರು. ಎಂಟ ದಿನಾ ಆತು ಇದರಾಗ ಸಿಕ್ಕೊಂಡು."

"ನಾ ಎಲ್ಲೆ ಹೇಳಿದ್ನಿರಿ?"

"ನಿನ್ನ ಮಾರಿ ಹೇಳಾಕತ್ತೈತಿ. ಆ ಕಡೆ ತಿರುಗು."

ಪೆಟ್ಟಿಗೆ ತೆರೆದು ಬಾವಿಯ ಪುಸ್ತಕ ತೆಗೆದುಕೊಟ್ಟ. ನೂಲುಗಳನ್ನು ಆತ ಕಿತ್ತಿರಲಿಲ್ಲ. "ಮನೀಗೆ ಒಯ್ಯಿ," ಎಂದ, "ಈಗ ಒಯ್ಯಬಹುದು." ಉಡಚವ್ವ ಹೂಂ ಎಂದಳು. ಆದರೆ ಮೊದಲ ನೂಲಿದ್ದಲ್ಲಿ ತೆರೆದದ್ದೇ, ಹನ್ನೊಂದನೆಯ ಪುಟದ ಮೊದಲ ಸಾಲಿನಲ್ಲೇ ತಮ್ಮ ಹಾರೆ ಎಸೆದು, "ಈ ಭೂಮ್ಯಾಗ ನೀರಿಲ್ಲ, ನಿನ್ನ ತಲ್ಯಾಗ ಬುದ್ಧಿ ಇಲ್ಲ," ಎಂದು ಅಣ್ಣನಿಗೆ ಹೇಳಿ ದಾರಿ ಹಿಡಿದಿದ್ದ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಹಾಗೇ ಕೂತಳು.

ಪುಟದ ಮೇಲೆ ಪುಟ ತಮ್ಮ ಇಲ್ಲ. ಅಣ್ಣನೊಬ್ಬನೇ ತೋಡುತ್ತಾನೆ. ಅವನ ಹೆಂಡತಿ ಮಣ್ಣು ಹೊರುತ್ತಾಳೆ. ಊರವರು ನಗುತ್ತಾರೆ. ಒಂದು ಮಳೆಗಾಲಕ್ಕೆ ಗೋಡೆ ಕುಸಿದು, ತೋಡಿದ್ದೆಲ್ಲ ಮುಚ್ಚಿಹೋಗುತ್ತದೆ. ಅಣ್ಣ ಬಾವಿಯ ದಂಡೆಯಲ್ಲಿ ಕೂತು ಎರಡು ದಿನ ಯಾರೊಂದಿಗೂ ಮಾತಾಡುವುದಿಲ್ಲ. ನೀರು ಬೀಳುವುದು ಉಡಚವ್ವನಿಗೆ ಗೊತ್ತು. ಇಬ್ಬರೂ ಬೊಗಸೆ ಒಡ್ಡುವುದೂ ಗೊತ್ತು. ಆದರೂ ಅವಳ ಎದೆ ಭಾರವಾಗಿತ್ತು, ಏಕೆಂದರೆ ಅದು ಅಣ್ಣನಿಗೆ ಗೊತ್ತಿರಲಿಲ್ಲ.

ಎಣ್ಣೆಗೆ ಬಂದ ಬಿಬಿಜಾನ ಮೆಟ್ಟಿಲ ಬಳಿ ನಿಂತಳು. ಒಳಗೊಬ್ಬ ಓದುತ್ತಿದ್ದಾನೆ, ಹೊರಗೊಬ್ಬಳು ಓದುತ್ತಿದ್ದಾಳೆ.

"ಉಡಚಕ್ಕಾ, ಅಂಗಡಿ ಐತೋ ಇಲ್ಲೋ ಇವತ್ತ?"

"ತಡಿಯವ್ವ," ಎಂದಳು ಉಡಚವ್ವ ತಲೆ ಎತ್ತದೆ. "ಒಂದ ಪುಟ ತಡಿ."

ಬಿಬಿಜಾನ ಎಣ್ಣೆಯ ಬಾಟಲಿ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಉಡಚವ್ವ ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದಳು. ಇಪ್ಪತ್ತೇಳನೆಯ ಪುಟ. ಅಣ್ಣ ಮತ್ತೆ ಹಾರೆ ಹಿಡಿದಿದ್ದ. ತಮ್ಮ ಇನ್ನೂ ಬಂದಿರಲಿಲ್ಲ.