ಒಂದೇ ದಿಕ್ಕಿನ ಪರೀಕ್ಷೆ

ಒಂದೂವರೆ — ಪರದೆಯ ಮೂಲೆಯಲ್ಲಿ ಅಂಕಿ ಅಲ್ಲಾಡಿತು, ಈಗ ಏರುತ್ತದೆ, ಏರಲೇಬೇಕು, ಇಲ್ಲ, ಸೆಕೆಂಡಿಗೆ ಬರೀ ಒಂದೂವರೆ ಎಂಬಿ, ಇದೇ ತಂತಿಯಲ್ಲಿ ನಿನ್ನೆ ನೂರಹತ್ತು ಓಡಿತ್ತಲ್ಲ, ಕಣ್ಣಾರೆ ನೋಡಿ ಅವಳೇ ರಿಪೋರ್ಟಿಗೆ ಸಹಿ ಹಾಕಿದ್ದಳು, ಇಡೀ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವಳ ಸಹಿ — ಏನಮ್ಮಾ, ಸ್ಕ್ಯಾನ್ ಚಿತ್ರ ಇನ್ನೂ ಮೇಲಕ್ಕೆ ಹೋಗ್ಲಿಲ್ವಾ, ಎಂದ ಸ್ಕ್ಯಾನ್ ಆಪರೇಟರ್, ಮೇಲಿಂದ ಸರ್ಜನ್ ಮೂರು ಸಲ ಫೋನ್ ಮಾಡಿದ್ರು, ತಲೆ ಒಳಗೆ ರಕ್ತ ಎಲ್ಲಿ ಕಟ್ಟಿದೆ ಅಂತ ಕಾಣ್ದೆ ಹೇಗ್ರೀ ಕೈ ಹಾಕ್ಲಿ ಅಂತಾರೆ. ಹೋಗ್ತಾ ಇದೆ, ಎಂದಳು. ಉಳಿದ ಸಮಯ ಇಪ್ಪತ್ತೆರಡು ನಿಮಿಷ. ರೋಗಿ ಗೋಡೆಗೆ ಬಣ್ಣ ಬಳಿಯುವವನಂತೆ, ಅಟ್ಟಣಿಗೆಯಿಂದ ಬಿದ್ದನಂತೆ, ಆಗಲೇ ಗಾಲಿಮಂಚ ತಳ್ಳಿಕೊಂಡು ಹೋದಾಗ ಅವನ ಉಗುರುಗಳ ಸಂದಿಯಲ್ಲಿ ಇನ್ನೂ ಹಸಿ ನೀಲಿ ಇತ್ತು, ಇಪ್ಪತ್ತೆರಡು ನಿಮಿಷ ಅವನಿಗೆ ಇದೆಯೋ ಇಲ್ಲವೋ, ತಂತಿಯೇ ಸತ್ತಿದೆಯೋ, ಸರ್ವರೇ ಮಲಗಿದೆಯೋ — ಥಟ್ಟನೆ ಹೊಳೆಯಿತು. ನಿನ್ನೆ ಫೈಲು ಸರ್ವರಿನಿಂದ ಈ ಯಂತ್ರಕ್ಕೆ ಬಂದಿತ್ತು, ಬಂದದ್ದನ್ನಷ್ಟೇ ಅಳೆದಿದ್ದಳು, ಇಲ್ಲಿಂದ ಸರ್ವರಿಗೆ ಕಳಿಸಿ ನೋಡಿರಲೇ ಇಲ್ಲ, ಕೆಳಗೆ ಗಂಡ ಸ್ಕೂಟರಿನ ಹಾರ್ನ್ ಒತ್ತುತ್ತಿದ್ದ, ಬಾರೇ ಮಾರಾಯ್ತಿ, ಇನ್ನೆಷ್ಟೊತ್ತು ಅಂತ, ಇವಳು ಹೋಗೋಕೊಂದು ದಾರಿ ಬರೋಕೊಂದು ದಾರಿ ಇರುತ್ತಾ ಎಂದುಕೊಂಡು ರಿಪೋರ್ಟಿನಲ್ಲಿ ‘ಕಳಿಸಿ ನೋಡಿದೆ’ ಎಂಬ ಎರಡನೆಯ ಚೌಕಕ್ಕೂ ಟಿಕ್ ಎಳೆದಿದ್ದಳು, ಇರುತ್ತದೆ, ತಂತಿಯಲ್ಲಿ ಇರುತ್ತದೆ, ಹನ್ನೊಂದು ವರ್ಷದ ಅನುಭವದವಳಿಗೆ ಅದು ಗೊತ್ತಿಲ್ಲವೆ.

ಪೆನ್‌ಡ್ರೈವ್ ಕೊಡಿ, ನೇರ ಯಂತ್ರದಿಂದಲೇ ತಗೊಳ್ತೀನಿ — ಅದು ನಿಯಮ ಅಲ್ಲಮ್ಮಾ — ಕೊಡಿ ಅಂದೆನಲ್ಲ, ನನ್ನ ತಲೆಗೇ ಬರ್ಲಿ, ಎಂದು ಕಿತ್ತುಕೊಂಡಂತೆ ಈಸಿಕೊಂಡಳು, ಒಂದು ನಿಮಿಷ, ಒಂದೂಕಾಲು, ಮುಗಿಯಿತು, ಲಿಫ್ಟು ಐದನೆಯ ಮಹಡಿಯಲ್ಲಿ ನಿಂತಿದೆ, ಮೆಟ್ಟಿಲು, ಮುಷ್ಟಿಯೊಳಗೆ ಒಬ್ಬನ ತಲೆಬುರುಡೆ ಬೆಚ್ಚಗಿದೆ, ಬಿದ್ದರೆ, ಫೈಲು ಕೆಟ್ಟಿದ್ದರೆ, ತೆರೆಯದೇ ಹೋದರೆ, ಆಪರೇಷನ್ ಥಿಯೇಟರಿನ ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ತೆರೆಯಿತು. ಬಲಗಡೆ, ಎಂದರು ಸರ್ಜನ್, ಅಷ್ಟೇ, ಒಳಗಿನವರೆಲ್ಲ ಒಮ್ಮೆಲೇ ಅಲುಗಾಡಿದರು. ಬಾಗಿಲು ದಾಟುವ ಮುನ್ನ ಆಕೆ ತಿರುಗಿ ಕೇಳಿದರು, ನೆಟ್‌ವರ್ಕ್‌ಗೆ ಏನಾಯ್ತು? ತಂತಿ ಹಾಳಾಗಿದೆ ಮೇಡಂ ಎಂಬ ಸುಳ್ಳು ತುಟಿಯ ಮೇಲೆ ಸಿದ್ಧವಾಗಿ ಕೂತಿತ್ತು, ಯಾರಿಗೆ ತಿಳಿಯುತ್ತದೆ, ಯಾರಿಗೂ ಇಲ್ಲ — ನಾನು ಸ್ಕ್ಯಾನ್ ಕಡೆಯಿಂದ ಕಳಿಸಿ ನೋಡ್ಲೇ ಇಲ್ಲ ಮೇಡಂ, ನೋಡಿದೀನಿ ಅಂತ ಬರೆದೆ. ಬೈಯಲಿ, ದೇವರೇ, ಒಂದು ಮಾತು ಬೈದುಬಿಡಲಿ. ಬೈಯಲಿಲ್ಲ. ಎಷ್ಟು ರೂಮಿಗೆ ಹಾಗೆ ಬರೆದಿದೀಯಾ, ಎಂದರು. ಆರು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು, ಆರು, ಓಡಬೇಕು, ಒಂದೊಂದಾಗಿ ಅಳೆಯಬೇಕು, ಯಾವುದು ಮೊದಲು, ಎದುರಿನ ಉದ್ದ ಪಡಸಾಲೆಯ ಕೊನೆಯಲ್ಲಿ ತಾನು ಹಾಗೆ ಟಿಕ್ ಎಳೆದ ಆರನೆಯ ಕೋಣೆ, ಒಳಗೆ ಯಾರನ್ನೋ ಮಲಗಿಸಿದ್ದಾರೆ, ಬಾಗಿಲ ಮೇಲೆ ಸ್ಕ್ಯಾನ್ ನಡೆಯುತ್ತಿದೆ ಎಂಬ ಕೆಂಪು ದೀಪ ಹೊತ್ತಿಕೊಂಡಿದೆ, ಕೆಂಪು ದೀಪ, ಕೆಂಪು —